ಡೊಳ್ಳು ಹಿಡಿಯುವ ಪಿಕಪ್

ಗಿಟಾರ್ ಹಿಡಿಯಲೂ ಬಾರದ ನಾನು ಇದನ್ನು ಹೇಳಹೊರಟಿದ್ದಕ್ಕೆ ಕ್ಷಮೆಯಿರಲಿ.

ಬೀಳಗಿಯ ಮಾಳು ತಂತಿ ಮೀಟುತ್ತಲೇ ಗಿಟಾರಿನ ಕಟ್ಟಿಗೆಯ ಮೇಲೆ ಬೀರೇಶ್ವರನ ಗುಡಿಯ ಡೊಳ್ಳಿನ ಪೆಟ್ಟು ಬಾರಿಸುತ್ತಿದ್ದ. ಬನಹಟ್ಟಿಯ ಆರ್ಕೆಸ್ಟ್ರಾ ಸೇರಲು ಅದು ಸ್ಪೀಕರಿನಲ್ಲೂ ಕೇಳಬೇಕಿತ್ತು. ಜಮಖಂಡಿಯ ಅಂಗಡಿಯಲ್ಲಿ, ಗಿಟಾರಿನ ದನಿಯನ್ನು ಸ್ಪೀಕರಿಗೆ ಒಯ್ಯುವ ಪಿಕಪ್ ಎರಡು ಬಗೆಯವು ಇದ್ದವು. ಒಂದು ತಂತಿಯ ದನಿಯನ್ನಷ್ಟೇ ಹಿಡಿಯುತ್ತಿತ್ತು. ಇನ್ನೊಂದು ಕಟ್ಟಿಗೆಗೆ ಅಂಟಿಕೊಂಡು ಪೆಟ್ಟನ್ನೂ ಹಿಡಿಯುತ್ತಿತ್ತು.

"ಡೊಳ್ಳು ಕೇಳದಿದ್ರ ನಾ ಯಾಕ ಬೇಕ್ರಿ?" ಎಂದು ಮಾಳು ಎರಡನೆಯದನ್ನೇ ಆರಿಸಿದ.

ಆರ್ಕೆಸ್ಟ್ರಾದ ಆಯ್ಕೆಯ ದಿನ ವೇದಿಕೆಯ ದೊಡ್ಡ ಸ್ಪೀಕರುಗಳ ಸದ್ದಿಗೆ ಕಟ್ಟಿಗೆ ನಡುಗಿತು. ಪಿಕಪ್ ಆ ನಡುಕವನ್ನೂ ಹಿಡಿದು ಮರಳಿ ಸ್ಪೀಕರಿಗೇ ಕಳಿಸಿ ಊಳಿಡಿಸಿತು.

"ಮುಧೋಳ ನಾಯಿ ತಂದೀಯೇನಲೇ? ಸೌಂಡ್ ಸಣ್ಣ ಮಾಡು!" ಎಂದು ಆರ್ಕೆಸ್ಟ್ರಾ ಮಾಲೀಕ ಚನಮಲ್ಲಪ್ಪ ನಕ್ಕ.

ಸಣ್ಣ ಮಾಡಿದರೆ ಡೊಳ್ಳೇ ಕೇಳಿಸಲಿಲ್ಲ.

"ಆತು ಬಿಡಪಾ, ಡೊಳ್ಳು ಕೀಬೋರ್ಡಿನ್ಯಾಗೂ ಐತಿ," ಎಂದು ಚನಮಲ್ಲಪ್ಪ ಮುಂದಿನವನನ್ನು ಕರೆದ.

ಇನ್ನೊಂದು ಪಿಕಪ್ ಆರಿಸಿದ್ದರೆ ಮಾಳುವಿಗೆ ಅಲ್ಲಿ ಜಾಗ ಸಿಗುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.