ಯಾವ ಊರು ಹೋತು?

ಗೋಡೆಗೆ ಆನಿಸಿ ಕೂರಿಸಿದ್ದ ಹೆಣದ ತಲೆ ಮತ್ತೆ ವಾಲಿತು. ಶೇವಂತೆವ್ವ ಗಂಡನ ಗದ್ದ ಹಿಡಿದೆತ್ತಿ ರುಮಾಲು ಬಿಗಿದಳು. ಇಂಡಿಯಿಂದ ಬಂದ ತಮ್ಮ ಸೋಮನಿಂಗ ಅತ್ತು ಮುಗಿಸಿ, ಬಗಲಲ್ಲಿದ್ದ ಪೇಪರು ಬಿಚ್ಚಿದ.

“ಅಕ್ಕಾ, ಮಾವ ಹೇಳಿದ್ದು ಖರೇ ಐತಿ ನೋಡು. ಒಂದ ಬಾಂಬಿಗೆ ಇಡೀ ಊರು ಹೋಗ್ತೈತಂತ. ನಿನ್ನಿ ರಾಜಸ್ಥಾನದಾಗ ನಮ್ಮವರೂ ಹಾರಿಸ್ಯಾರ.”

ಅಂಗಳದಲ್ಲಿದ್ದ ಝಳಕಿಯ ಮಂದಿ ತಲೆಯಾಡಿಸಿದರು. ಸತ್ತ ಅಮೋಘಸಿದ್ಧನಿಗೆ ‘ಬಾಂಬಿನ ಅಮೋಗಿ’ ಎಂದು ಹೆಸರಿಟ್ಟವರು ಇವರೇ.

ಶೇವಂತೆವ್ವ ಚಾದಂಗಡಿಯ ಮಶಾಕಸಾಬನ ಕಡೆ ತಿರುಗಿದಳು. “ನಿನ್ನಿ ನಿನ್ನ ಅಂಗಡಿಂದ ಬಂದು ಮಾತಿಲ್ದ ಮಲಗಿದ್ರು, ಏಳಲಿಲ್ಲ. ಅಲ್ಲಿ ಏನಾತು?”

“ರೇಡಿಯೋದಾಗ ಸುದ್ದಿ ಬಂತಕ್ಕಾ. ‘ಯಾವ ಊರು ಹೋತು?’ ಅಂತ ಕೇಳಿದ. ಯಾವ ಊರೂ ಇಲ್ಲೋ, ನೆಲದಾಗ ಹುಗದು ಪರೀಕ್ಷಾ ಮಾಡ್ಯಾರ ಅಂದ್ವಿ. ನಂಬಲಿಲ್ಲ. ‘ಊರ ಹೆಸರು ಹೇಳ್ರಿ’ ಅಂತ ಎಲ್ಲಾರ ಕೈ ಹಿಡದ. ಮಂದಿ ನಕ್ರು.” ಮಶಾಕಸಾಬ ತಲೆ ತಗ್ಗಿಸಿದ. “ನಾನೂ ನಕ್ಕೆ.”

*

ಯುದ್ಧ ಮುಗಿದ ಮೇಲೆ ಜಪಾನಿನ ಕಾವಲಿಗೆ ಹೋಗಿದ್ದ ಪಲ್ಟನ್ನಿನಿಂದ ಅಮೋಘಸಿದ್ಧ ನಲವತ್ತೇಳರಲ್ಲಿ ಮರಳಿದ. ಬೀಗರು ಊಟಕ್ಕೆ ಕೂತಾಗ ಹೇಳಿದ್ದ:

“ಹಿರೋಶಿಮಾ ಅಂತ ಊರು. ಅಮೇರಿಕಾ ಸರಕಾರ ಲಡಾಯಿದಾಗ ಗುಟ್ಟಾಗಿ ಮಾಡಿಸಿದ ಬಾಂಬು. ಏನ್ ಮಾಡಾಕತ್ತೇವಂತ ದುಡಿಯೋ ಮಂದಿಗೂ ಗೊತ್ತಿರಲಿಲ್ಲಂತ. ಒಂದ ಬಾಂಬಿಗೆ ಊರ ಬಯಲಾತು. ಅಲ್ಲೊಬ್ಬ ಮುದುಕ ಬರೇ ನೆಲದ ಕಸಾ ಹೊಡಿತಿದ್ದ. ನಾ ಹತ್ರ ಹೋದ್ರ ಕೈ ಅಡ್ಡ ಹಿಡದು ನನ್ನ ಬೂಟು ತೋರಿಸಿದ. ಅದು ಅವನ ಮನಿ ಇತ್ತು. ಬೂಟು ಬಿಚ್ಚಿ ಒಳಗ ಹೋದೆ.”

ಮೊದಲು ನಕ್ಕವನು ಸೋಮನಿಂಗ. ರೊಟ್ಟಿ ನೀಡುತ್ತಿದ್ದ ಶೇವಂತೆವ್ವನಿಗೆ ಮುಖ ಎತ್ತಲಾಗಲಿಲ್ಲ. “ಮಂದಿ ಮುಂದ ಹುಚ್ಚರಂಗ ಮಾತಾಡಬ್ಯಾಡ್ರಿ” ಎಂದು ಗದರಿದಳು. ಮನೆಯಲ್ಲಿ ಅವನು ಮತ್ತೆಂದೂ ಆ ಮಾತು ಎತ್ತಲಿಲ್ಲ. ಒಳಗೆ ಹೋಗಿ ಏನು ಮಾಡಿದಿರಿ ಎಂದು ಇಪ್ಪತ್ತೇಳು ವರ್ಷದಲ್ಲಿ ಅವಳೂ ಕೇಳಲಿಲ್ಲ.

*

ಹೆಣವನ್ನು ಕುಣಿಗೆ ಇಳಿಸುವಾಗ ಹೆದ್ದಾರಿ ಕಡೆಯಿಂದ ಪಟಾಕಿ ಸದ್ದಾಯಿತು.

“ಮಾವ ಪುಣ್ಯವಂತ,” ಎಂದ ಸೋಮನಿಂಗ. “ಇಂಥಾ ದಿನಾನ ಹೋದ.”

“ಹೆದರಿ ಸತ್ತಾರೋ ತಮ್ಮಾ.”

ಅವನಿಗೆ ಕೇಳಿಸಲಿಲ್ಲ. ಎಲ್ಲರೂ ಬೊಗಸೆ ಬೊಗಸೆ ಮಣ್ಣು ಹಾಕಿದರು.

ರಸ್ತೆಗೆ ಬರುವಷ್ಟರಲ್ಲಿ ಜೀಪೊಂದು ನಿಂತಿತ್ತು. ಪುಢಾರಿಯೊಬ್ಬ ಪೇಢೆಯ ಡಬ್ಬಿ ಹಿಡಿದು ಇಳಿದ. “ದೇಶ ಗೆದ್ದೈತಿ, ತಗೋರ್ರಿ!”

ಮಂದಿ ಶೇವಂತೆವ್ವನ ಮುಖ ನೋಡಿದರು. ಒಂದು ಕೈ ಮುಂದೆ ಬಂತು. ಆಮೇಲೆ ಎಲ್ಲ ಕೈಗಳೂ ಬಂದವು. ಯಾರೂ ಇನ್ನೂ ಕೈ ತೊಳೆದಿರಲಿಲ್ಲ. ಪೇಢೆಗೆ ಕುಣಿಯ ಕರಿಮಣ್ಣು ಮೆತ್ತಿತು. ಸೋಮನಿಂಗ ಉಫ್ ಎಂದು ಊದಿ ಬಾಯಿಗೆ ಹಾಕಿಕೊಂಡ.