ಪರದೆಯ ಎಡಭಾಗ

ಅಂಗಡಿಯವನು ರಿಮೋಟಿನ ಗುಂಡಿ ಒತ್ತಿದೊಡನೆ ಗೋಡೆಯ ಮೇಲಿದ್ದ ಹದಿನಾಲ್ಕು ಮಾನಿಟರುಗಳಲ್ಲೂ ಒಂದೇ ಸಮುದ್ರ ಎದ್ದುಬಂತು. ಅಲೆ ಮುಂದಕ್ಕೆ ಉರುಳಿದಾಗ ಅತ್ತೆ, ಚಪ್ಪಲಿ ಒದ್ದೆಯಾದೀತೇನೋ ಎಂಬಂತೆ, ಎರಡು ಹೆಜ್ಜೆ ಹಿಂದೆ ಸರಿದರು.

"ಇಷ್ಟೊಂದು ನೀರು ಯಾಕಪ್ಪಾ? ನಮಗೆ ಒಂದು ನದಿ ಸಾಕು," ಎಂದರು.

ಅಂಗಡಿಯವನು ನಕ್ಕ. ಅವನಿಗೆ ಅರ್ಥವಾಗಿರಲಿಲ್ಲ. ಸೊಸೆಗೆ ಅರ್ಥವಾಗಿತ್ತು; ಆದರೆ ಅವಳು ಕೈಚೀಲದಲ್ಲಿ ಎರಡು ವಸ್ತುಗಳನ್ನು ಹುಡುಕುತ್ತಿದ್ದಳು. ಒಂದು, ವಾರವಿಡೀ ಓದಿ ತಿಳಿದು ಬರೆದುಕೊಂಡ ಚೀಟಿ. ಇನ್ನೊಂದು, ಮನೆಯ ಮೇಜಿನ ಉದ್ದಕ್ಕೆ ಸರಿಯಾಗಿ ಕತ್ತರಿಸಿ ತಂದ ದಾರ.

ಎಂಟು ತಿಂಗಳಿಂದ ಅತ್ತೆ ಸೊಸೆ ಇಬ್ಬರೂ ಮನೆಯಲ್ಲೇ ಕೂತು ಒಂದು ನದಿಯ ಲೆಕ್ಕವನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದರು. ಅರವತ್ತು ವರ್ಷಗಳ ಹಿಂದೆ ನೀರಿನ ಮಟ್ಟ ಅಳೆಯುವ ಕೆಲಸಕ್ಕಿದ್ದ ಒಬ್ಬ ನೌಕರ, ದಿನಕ್ಕೊಂದು ಸಾಲಿನಂತೆ ಬರೆದಿಟ್ಟ ದಪ್ಪ ಪುಸ್ತಕಗಳವು. ತಾರೀಖು, ವೇಳೆ, ಮಟ್ಟ, ಗಾಳಿ, ಕೊನೆಗೆ ಕಂಡದ್ದೇನಾದರೂ ಇದ್ದರೆ ಬರೆಯಲು ಷರಾ. ನೀರಾವರಿ ಕಚೇರಿಯವರು ಪುಟಗಳ ಫೋಟೊ ತೆಗೆದು ಕಳಿಸುತ್ತಿದ್ದರು. ಮನೆಯ ಹಳೆಯ ಮಾನಿಟರು ಚೌಕ. ಅದರಲ್ಲಿ ಪುಟ ತೆರೆದರೆ ಟೈಪು ಮಾಡಲು ಜಾಗವಿಲ್ಲ, ಟೈಪು ಮಾಡಲು ಹೊರಟರೆ ಪುಟ ಕಾಣದು. ಹಾಗಾಗಿ ಸೊಸೆ ಪುಟಗಳನ್ನು ಕಾಗದದ ಮೇಲೆ ಮುದ್ರಿಸಿ ಕೊಡುತ್ತಿದ್ದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಅತ್ತೆ ಓದಿ ಹೇಳುತ್ತಿದ್ದರು.

ಅತ್ತೆ ಮೂವತ್ತೊಂದು ವರ್ಷ ಶಾಲೆಯ ಮಕ್ಕಳಿಗೆ ಉಕ್ತಲೇಖನ ಕೊಟ್ಟವರು. ಪ್ರತಿ ಮಾತನ್ನೂ ಎರಡು ಸಲ ಹೇಳುತ್ತಿದ್ದರು, ಒಂದು ಸಲ ಕೇಳಿಸಿಕೊಳ್ಳಲು, ಒಂದು ಸಲ ಬರೆದುಕೊಳ್ಳಲು. "ಬೆಳಿಗ್ಗೆ ಮಂಜು. ಆಚೆ ದಡ ಕಾಣಲಿಲ್ಲ. ಬೆಳಿಗ್ಗೆ ಮಂಜು. ಆಚೆ ದಡ ಕಾಣಲಿಲ್ಲ." ಆ ದನಿಯಲ್ಲಿ ಕೇಳುತ್ತ ಕೇಳುತ್ತ ಸೊಸೆಗೆ ಕೀಲಿಮಣೆಯ ಕೆಳಗೆ ತಣ್ಣಗೆ ಏನೋ ಹರಿಯುತ್ತಿರುವಂತೆ ಅನ್ನಿಸುತ್ತಿತ್ತು. ದೋಣಿಯೊಂದು ಅರ್ಧ ದಾರಿಗೆ ಹೋಗಿ ಹಿಂದಿರುಗಿತು. ನೀರುನಾಯಿ ಮೂರು ಮರಿಗಳ ಜತೆ ದಾಟಿತು. ಯಾರೋ ದಡದಲ್ಲಿ ಕೊಡೆ ಬಿಟ್ಟು ಹೋಗಿದ್ದಾರೆ, ನಾಲ್ಕು ದಿನವಾದರೂ ಬಂದು ತೆಗೆದುಕೊಂಡಿಲ್ಲ. ಕಚೇರಿಯ ಸಾಹೇಬರು ಫೋನು ಮಾಡಿದಾಗ, "ಷರಾ ಕಲಂ ನಾನು ಊಟ ಮಾಡ್ತಾ ಓದ್ತೀನಮ್ಮಾ, ನದಿ ಪಕ್ಕ ಎಲೆ ಹಾಕ್ಕೊಂಡು ಕೂತಂಗಾಗುತ್ತೆ," ಎಂದಿದ್ದರು. ಆಮೇಲೆ ಇನ್ನೊಂದು ಮಾತೂ ಹೇಳಿದ್ದರು: ಬರುವ ತಿಂಗಳಿಂದ ಪ್ರತಿ ಪುಟವನ್ನೂ ಫೋಟೊದ ಪಕ್ಕದಲ್ಲಿಟ್ಟು ತಾಳೆ ನೋಡಿಯೇ ಕಳಿಸಬೇಕು. ಅಗಲದ ಮಾನಿಟರು ಬೇಕೆಂದಾದದ್ದು ಅದಕ್ಕೇ.

"ಇದು ಬೆಳಕು ಸೋರುತ್ತಾ?" ಸೊಸೆ ಚೀಟಿ ನೋಡಿ ಕೇಳಿದಳು.

"ಸೋರೋಕೆ ಇದೇನು ಹಳೇ ಹಂಚಿನ ಮನೆನಾ ಮೇಡಂ?"

"ಪರದೆ ಪೂರ್ತಿ ಕಪ್ಪಾದಾಗ ಮೂಲೆಗಳಿಂದ ಬೆಳಕು ಸೋರುತ್ತಂತೆ ಕೆಲವದ್ರಲ್ಲಿ. ಓದಿದೀನಿ."

"ಓದಿದ ಗಿರಾಕಿ ಬಂದ್ರೆ ನಮ್ಮ ಮಧ್ಯಾಹ್ನದ ಊಟ ಸಂಜೆಗೇ," ಎಂದು ಅವನು ಅತ್ತೆಯ ಕಡೆ ನೋಡಿದ.

"ಅವಳು ಹಾಗೇನೇ. ಬೀಗ ಹಾಕಿ ಮೂರು ಸಲ ಎಳೆದು ನೋಡ್ತಾಳೆ. ನಾಲ್ಕನೇ ಸಲಕ್ಕೆ ಬೀಗಕ್ಕೇ ಬೇಜಾರು," ಎಂದರು ಅತ್ತೆ.

ಮೊದಲು ತೋರಿಸಿದ ಎರಡು ಪರದೆಗಳ ಬೆಲೆ ಕೇಳಿಯೇ ಸೊಸೆ ಮುಂದೆ ನಡೆದಳು. ಮೂರನೆಯದು ಹೋದ ವರ್ಷದ್ದು, ಪ್ರದರ್ಶನಕ್ಕೆ ಇಟ್ಟದ್ದು, ಆದ್ದರಿಂದ ಕಡಿಮೆಗೆ ಸಿಗುವಂಥದ್ದು. ಕಾಲು ಎತ್ತರಿಸಲು ಬರುವುದಿಲ್ಲ, ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟರಾಯಿತು ಎಂದ ಅಂಗಡಿಯವನು. ಸೊಸೆ ದಾರ ಹಿಡಿದು ಅಳೆದಳು. ಪರದೆ ಮುಗಿದ ಮೇಲೂ ನಾಲ್ಕು ಬೆರಳು ದಾರ ಉಳಿಯಿತು. ಪರದೆಯನ್ನು ಕಪ್ಪಾಗಿಸಿ, ಕೈಗಳನ್ನು ಕಣ್ಣಿನ ಪಕ್ಕ ಮರೆ ಮಾಡಿಕೊಂಡು, ನಾಲ್ಕು ಮೂಲೆಗಳನ್ನೂ ನೋಡಿದಳು. ಒಂದು ಮೂಲೆಯಲ್ಲಿ ಮಾತ್ರ ಬೆಳಗಾಗುವ ಮುಂಚಿನಂಥ ಒಂದಿಷ್ಟು ಮಸುಕು ಇತ್ತು. ಅಷ್ಟಿದ್ದರೆ ಪರವಾಗಿಲ್ಲ ಎಂದುಕೊಂಡಳು.

"ನಮ್ಮ ಪುಟಾನೇ ಹಾಕಿ ನೋಡ್ಬಹುದಾ?" ಎಂದು ಪೆನ್ ಡ್ರೈವ್ ಕೊಟ್ಟಳು.

ಅಂಗಡಿಯವನು ಎಡಕ್ಕೆ ಪುಸ್ತಕದ ಪುಟದ ಫೋಟೊ, ಬಲಕ್ಕೆ ಅವಳು ಟೈಪು ಮಾಡಿದ ಅದೇ ಪುಟ, ಎರಡನ್ನೂ ಸಮನಾಗಿ ಕೂರಿಸಿದ. ನಡುವೆ ಕೂದಲೆಳೆಯಷ್ಟು ಗೆರೆ.

"ನೋಡಿ, ಇನ್ನು ಯಾರೂ ಪಕ್ಕ ಕೂತು ಓದಿ ಹೇಳ್ಬೇಕಾಗಿಲ್ಲ. ಒಬ್ರ ಕೆಲಸ ಉಳೀತು."

"ಉಳೀತಲ್ಲ," ಎಂದರು ಅತ್ತೆ. ಅವರು ಪಕ್ಕದ ಪರದೆಯ ಸಮುದ್ರದ ಕಡೆ ತಿರುಗಿದ್ದರು.

ಸೊಸೆ ಬಗ್ಗಿ ನೋಡಿದಳು. ಎಡಗಡೆ ಮಟ್ಟದ ಅಂಕಿಗಳು ದಪ್ಪ ಕಪ್ಪು ಶಾಯಿಯವು, ಬಲಗಡೆಯವೂ ಅವೇ. ಷರಾ ಪೆನ್ಸಿಲಿನಲ್ಲಿತ್ತು, ಬಹಳ ತೆಳುವಾಗಿ. ಮೊದಲ ಸಾಲಿನಲ್ಲಿ ಬಲಗಡೆ, 'ದೋಣಿಯವನು ಹಾಡುತ್ತಿದ್ದ, ಗಾಳಿಗೆ ಅರ್ಧವೇ ಕೇಳಿಸಿತು' ಎಂದಿತ್ತು. ಎಡಗಡೆ, 'ವಿಶೇಷವಿಲ್ಲ'. ಎರಡನೆಯ ಸಾಲು, ಬಲಗಡೆ ನೀರುನಾಯಿ. ಎಡಗಡೆ, 'ವಿಶೇಷವಿಲ್ಲ'. ಅವಳು ಸಾಲಿನಿಂದ ಸಾಲಿಗೆ ಇಳಿದಳು. ವಿಶೇಷವಿಲ್ಲ, ವಿಶೇಷವಿಲ್ಲ. ಒಂದು ಕಡೆ ನದಿ ಸುಮ್ಮನೆ ಹರಿಯುತ್ತಿತ್ತು. ಅದರ ಪಕ್ಕದಲ್ಲೇ, ಅದೇ ತಾರೀಖಿನಲ್ಲಿ, ಮಂಜು, ಕೊಡೆ, ಹಾಡು, ಮರಿಗಳು.

ಬೀಗ ಎಳೆದು ನೋಡುವವಳು ಇದನ್ನೊಂದು ನೋಡಿರಲಿಲ್ಲ. ಶುರುವಿನಲ್ಲಿ ಕೆಲವು ಪುಟ ತಾಳೆ ನೋಡಿದ್ದಳು, ಎಲ್ಲ ಸರಿಯಾಗಿತ್ತು. ಆಮೇಲೆ ಕಿಟಕಿಯಿಂದ ಬರುವ ದನಿಯನ್ನಷ್ಟೇ ನಂಬಿದ್ದಳು. ಯಾವಾಗಿನಿಂದ? ಸಾಹೇಬರಿಗೆ ಎಷ್ಟು ಪುಟ ಹೋಗಿವೆ?

ಅಂಗಡಿಯವನು ತಲೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡ. "ಮೇಡಂ, ಈ ಕಡೆ ಇರೋದಕ್ಕೂ ಆ ಕಡೆ ಇರೋದಕ್ಕೂ..."

"ವಾರಂಟಿ ಎಷ್ಟು ವರ್ಷ?"

ಸೊಸೆ ಕೇಳಿದ್ದು ಎಷ್ಟು ಜೋರಾಗಿತ್ತೆಂದರೆ ಆಚೆ ಮೂಲೆಯಲ್ಲಿ ಪ್ರಿಂಟರು ನೋಡುತ್ತಿದ್ದ ಗಂಡಹೆಂಡತಿ ತಿರುಗಿ ನೋಡಿದರು.

"ಮೂರು," ಎಂದ ಅವನು, ಬೆದರಿ.

"ಹೇಗಿದೆಯೇ? ಅಕ್ಷರ ಸ್ಪಷ್ಟವಾಗಿದ್ಯಾ?" ಅತ್ತೆ ಹತ್ತಿರ ಬಂದು ಕೇಳಿದರು. ಪರದೆ ಅವರ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ಕಣ್ಣುಗಳು ಅಕ್ಷರಗಳಿಗಿಂತ ಸ್ವಲ್ಪ ಮೇಲೆ, ಏನೂ ಇಲ್ಲದ ಬಿಳಿಯ ಜಾಗದಲ್ಲಿ ನೆಟ್ಟಿದ್ದವು. ಮೆಚ್ಚಿಕೊಂಡವರಂತೆ ತಲೆದೂಗಿದರು.

ಸೊಸೆ ಆ ಕಣ್ಣುಗಳನ್ನು ನೋಡಿದಳು. ಬೇಡ ಎಂದುಬಿಡಬಹುದಿತ್ತು. ಇಷ್ಟು ಅಗಲ ನಮಗೇಕೆ ಎಂದು ಹೇಳಿ, ಚೌಕದ ಮಾನಿಟರಿಗೇ ಹಿಂದಿರುಗಿ, ತಾಳೆ ನೋಡಿದೆ ಎಂದು ಸಾಹೇಬರಿಗೆ ಬರೆದುಕೊಡಬಹುದಿತ್ತು. ಅತ್ತೆ ಕಿಟಕಿಯ ಪಕ್ಕದಲ್ಲೇ ಉಳಿಯುತ್ತಿದ್ದರು, ನೀರುನಾಯಿಯೂ. ಇದನ್ನು ಕೊಂಡರೆ ಎಡಗಡೆ ಇರುವುದು ದಿನವೂ ಬಲಗಡೆಯ ಪಕ್ಕದಲ್ಲಿ ಕೂತಿರುತ್ತದೆ. ಮುಚ್ಚಿಡಲು ಜಾಗವೇ ಇರುವುದಿಲ್ಲ.

"ತಗೋ, ತಗೋ. ನನ್ನ ಮುಖ ಏನು ನೋಡ್ತೀಯ? ಎಷ್ಟು ದಿನ ಅಂತ ಈ ಒಡಕು ಗಂಟಲು ಕೇಳ್ತಾ ಕೂತಿರ್ತೀಯ," ಎಂದರು ಅತ್ತೆ.

"ಇದೇ ಕೊಡಿ," ಎಂದಳು ಸೊಸೆ.

ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಪೆಟ್ಟಿಗೆಯನ್ನು ಇಬ್ಬರ ತೊಡೆಯ ಮೇಲೂ ಅಡ್ಡಡ್ಡ ಇಟ್ಟುಕೊಂಡರು, ನಿದ್ದೆ ಹೋದ ಮಗುವನ್ನು ಮಲಗಿಸಿಕೊಂಡ ಹಾಗೆ. ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಕೆಂಪು ಬೆಳಕು ಗಾಜಿನ ಮೇಲೆ ಹರಡಿಕೊಂಡಿತು.

"ಇತ್ತೀಚೆಗೆ ಆ ಪ್ರಿಂಟಿಂದು ಬಣ್ಣ ಸರಿ ಇಲ್ಲ, ಅಲ್ವೇನೇ? ಬಹಳ ತೆಳು ಬರುತ್ತೆ," ಎಂದರು ಅತ್ತೆ.

"ಅದು ಪೆನ್ಸಿಲ್ ಅತ್ತೆ. ಅರವತ್ತು ವರ್ಷದ ಹಿಂದಿಂದು."

"ಹ್ಞಾ. ಪೆನ್ಸಿಲ್ಲು." ಪೆಟ್ಟಿಗೆಯನ್ನು ಸರಿಮಾಡಿಕೊಂಡು, "ಅಂಕಿ ಮಾತ್ರ ಶಾಯಿಲಿ ಬರ್ದಿದಾನೆ," ಎಂದರು.

"ಹೌದು. ಮಟ್ಟ ಒಂದೂ ತಪ್ಪಿಲ್ಲ ಅತ್ತೆ. ಪೂರ್ತಿ ಪುಟ ನೋಡ್ದೆ."

ಪೆಟ್ಟಿಗೆಯ ಮೇಲಿದ್ದ ಅತ್ತೆಯ ಬೆರಳುಗಳು ಅಂಟುಪಟ್ಟಿಯ ಅಂಚನ್ನು ಮೆಲ್ಲನೆ ಕೆರೆದವು, ಮತ್ತೆ ಅಂಟಿಸಿದವು. ಕಾರು ಹೊರಟಿತು.

ಗಂಡ ಪಾಳಿಗೆ ಹೋಗಿದ್ದ, ಮನೆಯಲ್ಲಿ ಇವರಿಬ್ಬರೇ. ಸೊಸೆ ಹಳೆಯ ಮಾನಿಟರನ್ನು ನೆಲಕ್ಕಿಳಿಸಿ, ಎರಡು ದಪ್ಪ ಪುಸ್ತಕಗಳ ಮೇಲೆ ಹೊಸದನ್ನು ನಿಲ್ಲಿಸಿದಳು. ಅದು ಗೋಡೆಯ ಅರ್ಧವನ್ನೇ ತೆಗೆದುಕೊಂಡಿತು. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಬರಿಗೈಯಲ್ಲಿ ಕೂತು ಬೀದಿ ನೋಡುತ್ತಿದ್ದರು. ಸೊಸೆ ಹೋಗಿ ಕುರ್ಚಿಯ ಬೆನ್ನು ಹಿಡಿದಳು.

"ಏಳಿ ಅತ್ತೆ. ಕುರ್ಚಿ ಆ ಕಡೆ ಹಾಕ್ತೀನಿ."

"ನಾನ್ಯಾಕೆ ಅಲ್ಲಿ?"

"ಓದಿ ಹೇಳೋಕೆ."

"ಬೇಕಾಗಿಲ್ಲ ಅಂದ್ನಲ್ಲ ಅವನು."

"ಅವನು ಮಾರೋನು. ಟೈಪು ಮಾಡೋನಲ್ಲ."

ಮೇಜಿನ ಎಡಗಡೆಗೆ ಕುರ್ಚಿ ಬಂತು. ಸೊಸೆ ಪುಟದ ಫೋಟೊವನ್ನು ದೊಡ್ಡದು ಮಾಡುತ್ತ ಹೋದಳು, ಇನ್ನೂ ದೊಡ್ಡದು. ಕೊನೆಗೆ ಪರದೆಯ ಎಡಭಾಗದಲ್ಲಿ ಒಂದು ಸಾಲಿನ ಅರ್ಧ ಮಾತ್ರ ಉಳಿಯಿತು. ಕಾಗದದ ಬಿಳಿಯನ್ನು ತಗ್ಗಿಸಿ ಪೆನ್ಸಿಲನ್ನು ಕಪ್ಪಾಗಿಸಿದಳು. ಒಂದೊಂದು ಅಕ್ಷರವೂ ಬೆರಳುದ್ದ ಎದ್ದು ನಿಂತಿತು. ಅತ್ತೆ ಮುಂದಕ್ಕೆ ಬಾಗಿದರು. ಆಮೇಲೆ, ಬಾಗುವ ಅಗತ್ಯವಿಲ್ಲವೆಂದು ತಿಳಿದು, ನಿಧಾನವಾಗಿ ಹಿಂದಕ್ಕೆ ಒರಗಿದರು.

"ಮಟ್ಟ, ಹನ್ನೊಂದೂವರೆ ಅಡಿ," ಎಂದರು. "ಗಾಳಿ, ಇಲ್ಲ. ಷರಾ..." ನಿಂತರು. "ವಿಶೇಷವಿಲ್ಲ."

ಎರಡನೆಯ ಸಲ ಹೇಳಲಿಲ್ಲ. ಸೊಸೆ ಬಲಗಡೆ ಇದ್ದುದನ್ನು ಅಳಿಸಿ, ಅವರು ಹೇಳಿದ್ದನ್ನು ಬರೆದಳು. ಮುಂದಿನ ಸಾಲು. ವಿಶೇಷವಿಲ್ಲ. ಅದರ ಮುಂದಿನದು. ವಿಶೇಷವಿಲ್ಲ.

"ಅಯ್ಯೋ ಪಾಪಿ, ದಿನಾ ಹೋಗಿ ಅಲ್ಲೇ ನಿಂತಿರ್ತಿದ್ನಲ್ಲೇ," ಎಂದರು ಅತ್ತೆ. "ಒಂದ್ಸಲನಾದ್ರೂ ತಲೆ ಎತ್ತಿ ನೋಡ್ಬಾರ್ದಾ?"

ಸೊಸೆ ನಗು ತಡೆದುಕೊಂಡಳು. ತಡೆದದ್ದು ಕಣ್ಣಿಗೆ ಬಂತು.

"ನಾನು ಹೇಳಿದ್ದೆಲ್ಲ ಅಳಿಸ್ಬೇಕಾ?"

"ಅಳಿಸ್ಬೇಕು ಅತ್ತೆ."

"ನೀರುನಾಯಿದೂನಾ?"

"ಅದೂ."

ಅತ್ತೆ ತಲೆಯಾಡಿಸಿದರು. "ಸಾಹೇಬರಿಗೆ ಏನಂತ ಹೇಳ್ತೀಯ?"

"ತಪ್ಪಾಗಿದೆ, ತಿದ್ದಿ ಕೊಡ್ತೀವಿ ಅಂತ. ಇಬ್ರೂ ಕೂತು ಮೊದಲಿಂದ ನೋಡ್ತೀವಿ ಅಂತ. ನಾಡಿದ್ದು ನಿಮ್ಮನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಅಲ್ಲಿ ಮಾತ್ರ ಕಂಡಿದ್ದನ್ನೇ ಹೇಳಿ."

"ಬಾಯಿ ನೋಡು ಇವಳದು," ಎಂದರು ಅತ್ತೆ. "ಊಂ, ಬರ್ಕೋ."

ಹೊರಗೆ ಬೀದಿದೀಪ ಹತ್ತಿತು. ಕೋಣೆಯ ದೀಪ ಹಾಕುವುದನ್ನು ಇಬ್ಬರೂ ಮರೆತಿದ್ದರು; ಪರದೆಯ ಬೆಳಕೇ ಸಾಕಾಗಿತ್ತು. ಆ ಪುಟ ಮುಗಿದು ಮುಂದಿನದು ಬಂತು. ಮಟ್ಟ ಹತ್ತು ಅಡಿ. ಒಂಬತ್ತೂಮುಕ್ಕಾಲು. ವಿಶೇಷವಿಲ್ಲ, ವಿಶೇಷವಿಲ್ಲ. ಅತ್ತೆಯ ದನಿಗೆ ಹಳೆಯ ಲಯ ಮರಳಿತು, ಅವರಿಗೇ ಗೊತ್ತಿಲ್ಲದೆ ಪ್ರತಿ ಮಾತೂ ಮತ್ತೆ ಎರಡೆರಡು ಸಲ ಬರತೊಡಗಿತು. ನದಿ ಇಳಿಯುತ್ತಿತ್ತು, ದಿನಕ್ಕೆರಡು ಬೆರಳಿನಂತೆ, ಯಾವ ಸದ್ದೂ ಇಲ್ಲದೆ.

"ಷರಾ. ಅಳತೆಗೋಲಿನ ತುದಿಯಲ್ಲಿ ಕೊಕ್ಕರೆ ಕೂತಿತ್ತು. ತಾನಾಗಿ ಹಾರುವವರೆಗೆ ಹತ್ತಿರ ಹೋಗಲಿಲ್ಲ."

ಸೊಸೆಯ ಬೆರಳುಗಳು ನಿಂತವು. ಅವಳು ಅತ್ತೆಯ ಕಡೆ ತಿರುಗಲಿಲ್ಲ, ಎಡಕ್ಕೂ ನೋಡಲಿಲ್ಲ.

"ನನ್ನಾಣೆ ಕಣೇ," ಎಂದರು ಅತ್ತೆ. ತೋರುಬೆರಳನ್ನು ಪರದೆಗೆ ತಾಕಿಸಿ ಅಕ್ಷರಗಳ ಕೆಳಗೆ ಒಂದೊಂದಾಗಿ ಸರಿಸಿದರು. "ನೋಡು. ನೀನೇ ನೋಡು."

ನೋಡಿದಳು. ಇತ್ತು. ಪೆನ್ಸಿಲಿನಲ್ಲಿ, ಸ್ವಲ್ಪ ಓರೆಯಾಗಿ, ಕಲಂ ಸಾಲದೆ ಅಂಚಿನವರೆಗೆ ಹರಿದು.

ಅವಳು ಅದನ್ನು ಇದ್ದ ಹಾಗೇ ಬರೆದಳು. ಬರೆದು ಮುಂದಿನ ಸಾಲಿಗೆ ಹೋಗದೆ ಕೂತಳು. ಹಾರುವವರೆಗೆ ಎಂದರೆ ಎಷ್ಟು ಹೊತ್ತು? ವೇಳೆಯ ಕಲಮನ್ನು ಅತ್ತೆ ಓದುವುದೇ ಬಿಟ್ಟಿದ್ದರು. ಬೆಳಿಗ್ಗೆ ಆರು, ಯಾವಾಗಲೂ ಆರೇ. ಪುಸ್ತಕ ಶುರು ಮಾಡಿದ ದಿನವೇ ಸೊಸೆ ಮೇಲಿನಿಂದ ಕೆಳಗಿನವರೆಗೆ ಒಂದೇ ಏಟಿಗೆ ಆರು ತುಂಬಿಸಿಟ್ಟಿದ್ದಳು. ಈಗ ಫೋಟೊವನ್ನು ಪಕ್ಕಕ್ಕೆ ಎಳೆದಳು. ಕೊಕ್ಕರೆ ಸರಿದುಹೋಯಿತು, ಮಟ್ಟದ ಅಂಕಿ ಸರಿದುಹೋಯಿತು, ತಾರೀಖಿನ ಪಕ್ಕದ ಚಿಕ್ಕ ಮನೆ ಬಂದು ನಿಂತಿತು.

ಅತ್ತೆ ಓದಿದರು. "ಏಳು ಗಂಟೆ ಹತ್ತು ನಿಮಿಷ."

ಸೊಸೆ ತನ್ನ ಆರನ್ನು ಅಳಿಸಿದಳು.