ಮಾನ್ವಿಯ ಮುಜಾಹಮತ್

ಉರ್ದುವಿನಲ್ಲಿ ಒಂದು ಪತ್ರ ಬರೆದು ನಾನು ಹಂಪಣ್ಣನನ್ನು ಜೈಲಿನ ಬಾಗಿಲ ತನಕ ಕಳಿಸಿದೆ. ಪತ್ರದಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ನನ್ನ ಸೊಕ್ಕೆಲ್ಲ ಆಗ ಅದರದೇ. ಮಾನ್ವಿಯ ಶಾಲೆಯಲ್ಲಿ ನಾನು ಸೈನ್ಸ್ ಮಾಸ್ತರ, ಹೆಸರು ಪ್ರಹ್ಲಾದಾಚಾರ್ಯ. ನಿಜಾಮರ ರಾಜ್ಯ, ಪಾಠವೆಲ್ಲ ಉರ್ದುವಿನಲ್ಲಿ. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಹೋಗಿ ಅಚ್ಚ ಉರ್ದುವಿನಲ್ಲಿ ವಿದ್ಯುತ್ತು ಕಲಿಸಿ ಬರುತ್ತಿದ್ದೆ.

ಸಾವಿರದ ಒಂಬೈನೂರ ನಲವತ್ತೆಂಟರ ಬೇಸಿಗೆ. ಹಂಪಣ್ಣ ನನ್ನ ಹಳೆಯ ಶಿಷ್ಯ, ರಾಯಚೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಅವನ ಗೆಳೆಯ ಬಂದೇನವಾಜ್ ಮುಂಬೈಯಿಂದ ಕರೆಂಟಿನ ಗಿಟಾರು ತಂದು ಮದುವೆಗಳಲ್ಲಿ ನುಡಿಸುತ್ತಿದ್ದ. ಅದನ್ನು ತೊಡೆಯ ಮೇಲೆ ಮಲಗಿಸಿ ಉಕ್ಕಿನ ತುಂಡಿನಿಂದ ತಂತಿ ಸವರಬೇಕು. ಬರೀ ಮರದ ಹಲಗೆ, ಸ್ವಂತ ದನಿ ಇಲ್ಲ. ತಂತಿಗಳ ಕೆಳಗೊಂದು ಅಯಸ್ಕಾಂತ, ಅದಕ್ಕೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಕಾಯಿಲ್. ಅದು ಹಿಡಿದದ್ದನ್ನು ಬ್ಯಾಟರಿಯ ಲೌಡ್‌ಸ್ಪೀಕರ್ ಕೂಗಿ ಹೇಳುತ್ತಿತ್ತು.

ಮಾನ್ವಿಯ ಮದುವೆಯಲ್ಲಿ ಅದು ಕೂಗಲಿಲ್ಲ. ಮರುದಿನ ಇಬ್ಬರೂ ನನ್ನ ಪಡಸಾಲೆಗೆ ಬಂದರು. ಹಂಪಣ್ಣ ಮೀಟರು ಹಚ್ಚಿ ತೋರಿಸಿದ.

"ನೋಡ್ರಿ ಮಾಸ್ತರ, ರಾಯಚೂರಾಗ ಮುಂಜಾನಿ ಏಳು ಸಾವಿರ ಓಮ್ ಇತ್ತು. ದೇವದುರ್ಗದಾಗ ಮಟಮಟ ಮಧ್ಯಾಹ್ನ ಏಳೂವರಿ ಸಾವಿರ. ತಾಮ್ರ ಕಾಯ್ದ್ರ ಅಷ್ಟು ಏರತದ. ಇಲ್ಲಿ ನೋಡಿದ್ರ ಮುಳ್ಳು ಅಳ್ಳಾಡವಲ್ದು. ಬಸ್ಸಿನಾಗ ಕುಲುಕಾಡಿ ಒಳಗ ತಂತಿ ಹರದದ."

ಬಂದೇನವಾಜ್ ಮೀಟರಿನ ಎರಡೂ ಕಡ್ಡಿಗಳನ್ನು ಬೆರಳಿನಿಂದ ಕಾಯಿಲ್‌ಗೆ ಒತ್ತಿ ಹಿಡಿದ. ಮುಳ್ಳು ತುಸು ಎದ್ದಿತು. "ಬಂತು ನೋಡ್ರಿ!" ಎಂದ.

"ಅದು ಗಿಟಾರಿಂದಲ್ಲ ಭಾಯಿ, ಕಡ್ಡಿ ಮುಟ್ಟಿದ ನಿನ್ನ ಮೈದು," ಎಂದ ಹಂಪಣ್ಣ.

ಕರೆಂಟಿಗೆ ತಂತಿ ಒಡ್ಡುವ ಅಡ್ಡಿಯನ್ನು ಓಮ್‌ಗಳಲ್ಲಿ ಅಳೆಯುವ ಈ ಮೀಟರಿನ ಸ್ವಭಾವ ತಿರುವುಮುರುವು. ಅಡ್ಡಿ ಇಲ್ಲದಿದ್ದರೆ ಮುಳ್ಳು ಬಲಕ್ಕೆ ಓಡುತ್ತದೆ. ಅಡ್ಡಿ ಹೆಚ್ಚಿದಷ್ಟೂ ಎಡಕ್ಕೆ ಸರಿಯುತ್ತದೆ. ತಂತಿಯೇ ಹರಿದರೆ ಅಡ್ಡಿಗೆ ಮಿತಿಯೇ ಇಲ್ಲ, ಮುಳ್ಳು ಎಡಗಡೆ ಮಲಗಿಬಿಡುತ್ತದೆ. ಮಲಗಿದ್ದನ್ನು ಸೊನ್ನೆ ಎಂದು ಓದಿದ ಹುಡುಗರಿಗೆ ನಾನು ಅಂಗೈಗೆ ಬೆತ್ತ ಕೊಟ್ಟಿದ್ದೇನೆ. ಹಂಪಣ್ಣನಿಗೂ.

ಹೈದರಾಬಾದಿನ ಒಂದು ಅಂಗಡಿಯಿಂದ ಹೊಸ ತಂತಿ ತರಿಸಬೇಕಿತ್ತು. "ಇಷ್ಟು ಓಮ್ ಅಂತ ಬರದ್ರ ಸಾಕ್ರಿ," ಎಂದ ಹಂಪಣ್ಣ. ಅಲ್ಲಿ ನನ್ನ ಬುದ್ಧಿವಂತಿಕೆ ಎಚ್ಚರವಾಯಿತು. ಆ ದಿನಗಳಲ್ಲಿ ಟಪಾಲು ಒಡೆದು ಓದುತ್ತಿದ್ದರು. ಏಳು ಸಾವಿರ ಓಮ್ ಎಂದರೆ ಯಾವುದೋ ಜಪ, ಆಚಾರ್ಯರು ಏನೋ ಸಂಘಟನೆ ಕಟ್ಟುತ್ತಿದ್ದಾರೆ ಎಂದುಕೊಂಡಾರು! ಅದಕ್ಕೆ ಮೂರೂ ಊರಿನ ಲೆಕ್ಕ ಬರೆದು ಓಮ್ ಬದಲು ಪಠ್ಯಪುಸ್ತಕದ ಉರ್ದು ಶಬ್ದವನ್ನೇ ಹಾಕಿದೆ: ಮುಜಾಹಮತ್, ಅಂದರೆ ಅಡ್ಡಿ. 'ವಿದ್ಯುತ್ತಿನ' ಎಂಬುದನ್ನು ಬೇಕೆಂದೇ ಬಿಟ್ಟೆ, ತಿಳಿದವರಿಗೆ ಬಿಡಿಸಿ ಹೇಳುವುದು ಅವಮಾನ ಎಂದು. ಹಂಪಣ್ಣ ಕೆಳಗೆ ಸಹಿ ಹಾಕಿದ. ತಂತಿ ಬರುವ ತನಕ ಇಬ್ಬರೂ ಮಾನ್ವಿಯಲ್ಲೇ ಉಳಿದರು.

ನಾಲ್ಕನೆಯ ದಿನ ಬಂದೇನವಾಜ್ ಏದುಸಿರು ಬಿಡುತ್ತ ಬಂದ. "ಹಂಪಣ್ಣನ್ನ ಠಾಣೆಗೆ ಒಯ್ದಾರ್ರಿ ಮಾಸ್ತರ್ ಸಾಬ್. ಸಂಜಿಕ ಗುಲ್ಬರ್ಗಾ ಜೈಲಿಗೆ ಕಳಸ್ತಾರಂತ."

ಗಿಟಾರನ್ನೂ ಮೀಟರನ್ನೂ ಅವನಿಗೆ ಹೊರಿಸಿಕೊಂಡು ಓಡಿದೆ. ಠಾಣೆಯ ಅಧಿಕಾರಿ ಅಮೀನರ ಕೈಯಲ್ಲಿ ನನ್ನ ಪತ್ರ.

"ರಾಯಚೂರಾಗ ಮುಜಾಹಮತ್ ಏಳು ಸಾವಿರ," ಎಂದು ಓದಿದರು. "ದೇವದುರ್ಗದಾಗ ಮಧ್ಯಾಹ್ನಕ್ಕ ಏಳೂವರಿ ಸಾವಿರ. ಯಾವ ಐದುನೂರು ಮಂದಿ ಬಂದು ಕೂಡಿದ್ರು? ಮಾನ್ವಿಗೆ ಬಂದ ಮ್ಯಾಲ ಮುಜಾಹಮತ್‌ಗೆ ಮಿತಿನಽ ಇಲ್ಲಂತ! ತಾರು ಹರದದಂತ ಬ್ಯಾರೆ. ಯಾವ ಟಪಾಲ್ ಕಚೇರಿ ತಾರು ಕಡದೀರಿ?"

ಆಗ ಹೊಳೆಯಿತು. ನನ್ನ ತರಗತಿಯ ಹೊರಗೆ ಆ ಶಬ್ದಕ್ಕೆ ಒಂದೇ ಅರ್ಥ, ಸರ್ಕಾರಕ್ಕೆ ಎದುರು ನಿಲ್ಲುವುದು.

"ಬರದೋರು ಯಾರು?" ಅಮೀನರು ಕೇಳಿದರು.

"ನಾನಽ ರೀ," ಎಂದ ಹಂಪಣ್ಣ. ನಾನು ಸುಮ್ಮನಿದ್ದೆ. ಈ ಮಾತು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಇದು ಬರೀ ಕಾಯಿಲ್‌ನ ಲೆಕ್ಕ ಎಂದು ಬೇಡಿಕೊಂಡೆ. "ಹಂಗಾರ ತೋರಿಸ್ರಿ ನಿಮ್ಮ ಮುಜಾಹಮತ್," ಎಂದರು. ಹಂಪಣ್ಣ ಕಡ್ಡಿ ಮುಟ್ಟಿಸಿದ. ಮುಳ್ಳು ಮಿಸುಕಲಿಲ್ಲ. ಅಮೀನರು ಬಗ್ಗಿ ನೋಡಿದರು. ತಮ್ಮ ಹದ್ದಿನಲ್ಲಿ ಮಿತಿಯಿಲ್ಲದ ಪ್ರತಿಭಟನೆ ಇದೆ ಎಂದು ಮೇಲಿನವರಿಗೆ ಬರೆಯುವ ಸಂಕಟ ಅವರಿಗೂ ಇತ್ತೆಂದು ಕಾಣುತ್ತದೆ. ಮುಖ ಅರಳಿತು.

"ಎಲ್ಲದ? ಅಳ್ಳಾಡವಲ್ದಲ್ಲ! ಅಂದ್ರ ಮಾನ್ವಿಯಾಗ ಮುಜಾಹಮತ್ ಸಿಫರ್. ಹೌದೋ ಅಲ್ಲೋ? ನೀವು ಸೈನ್ಸ್ ಕಲಿಸೋರು, ನೀವು ಹೇಳ್ರಿ."

ನಾಲಿಗೆ ತುರಿಸಿತು. ತಪ್ಪು, ಅದು ಅನಂತ, ಸೊನ್ನೆಯಲ್ಲ, ಅಂಗೈ ಚಾಚು ಎನ್ನಬೇಕು ಅನಿಸಿತು. ಹಂಪಣ್ಣ ನನ್ನನ್ನೇ ನೋಡುತ್ತಿದ್ದ.

"ಹೌದ್ರಿ," ಎಂದೆ. "ಸಿಫರ್."

"ಬರದು ಕೊಡ್ರಿ."

ಬರೆದುಕೊಟ್ಟೆ. ಅಮೀನರು ಹೊಸ ಕಾಗದವನ್ನು ಹಳೆಯ ಪತ್ರದ ಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಎರಡರಲ್ಲೂ ಅದೇ ಕೈಬರಹ.

"ಅಕ್ಷರ ಭಾಳ ಛಲೋ ಅವ," ಎಂದು ಹಳೆಯದನ್ನು ಮಡಚಿ ಜೇಬಿಗಿಟ್ಟುಕೊಂಡರು. "ಹೋಗ್ರಿ."

ಹೊರಗೆ ಬಿಸಿಲು. ಬಂದೇನವಾಜ್ ಗಿಟಾರು ಹೊತ್ತು ಮುಂದೆ ನಡೆದ. ನಾನು ಹಂಪಣ್ಣನನ್ನು ಕೇಳಿದೆ: "ನಾ ಬರದದ್ದನ್ನ ನೀ ಬರದೆ ಅಂತ ಯಾಕ ಹೇಳಿದೆಪಾ?"

"ನೀವು ಒಳಗ ಹೋಗಿದ್ರ ಹೊರಗ ಯಾರಿರತಿದ್ರು ರೀ?" ಎಂದ. "ನಾ ಖರೆ ಹೇಳಿದ್ರನಽ ಯಾರೂ ನಂಬೂದಿಲ್ಲ. ಸುಳ್ಳು ನಂಬಸಾಕ ಮಾಸ್ತರಽ ಬೇಕು."